ಹೆಸರು ಕೆಟ್ಟ ವಿಳಾಸ

ನನ್ನ ಭಾವನಿಗೆ ‘ಬಾಗಿಲು ಭಾವ’ ಎಂದು ಹೆಸರಿಟ್ಟವಳು ನಾನೇ. ಅವರು ನಮ್ಮಕ್ಕನನ್ನು ಮದುವೆಯಾಗಿ ಬೇರೆ ಮನೆ ಮಾಡಿದ ಹೊಸತರಲ್ಲಿ, ಒಂದು ಮಧ್ಯಾಹ್ನ, ಹೇಳದೆ ಕೇಳದೆ ಅವರ ಮನೆಗೆ ಹೋಗಿದ್ದೆ. ಧೂಳಿಗೆ ಹೆದರಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದೆ. ಬೆಲ್ ಒತ್ತಿದೆ, ಬಾಗಿಲು ಬಡಿದೆ. ಒಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಬಾಗಿಲಿನ ಕಣ್ಣುತೂತಿನಲ್ಲಿದ್ದ ಬೆಳಕು ಒಮ್ಮೆ ಕಪ್ಪಾಗಿ, ಮತ್ತೆ ಬೆಳಕಾಯಿತು. ಯಾರೋ ಬಂದು, ನನ್ನನ್ನು ನೋಡಿ, ಉಸಿರು ಬಿಗಿಹಿಡಿದು ನಿಂತು, ಹಾಗೇ ಹಿಂದಕ್ಕೆ ಹೋಗಿದ್ದರು. ಅಷ್ಟರಲ್ಲಿ ಹೊರಗೆ ಹೋಗಿದ್ದ ಅಕ್ಕ ಬಂದು ಬೀಗ ತೆಗೆದಳು. ಒಳಗೆ ಭಾವ ಪೇಪರ್ ಓದುತ್ತಾ ಕೂತಿದ್ದರು.

“ಏನ್ ಭಾವ, ಒಳಗಿದ್ದೂ ಬಾಗಿಲು ತೆಗೀಲಿಲ್ವಲ್ಲ?”

“ನೀನು ಮುಖ ಮುಚ್ಕೊಂಡಿದ್ದೆ. ಯಾರು ಅಂತ ಗೊತ್ತಾಗ್ಲಿಲ್ಲ.”

“ಯಾರು ಅಂತ ಕೇಳ್ಬಹುದಿತ್ತು.”

“ಕೇಳಿದ್ರೆ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗ್ತಿತ್ತು,” ಎಂದರು ಭಾವ, ಪೇಪರಿನಿಂದ ತಲೆ ಎತ್ತದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮಾತ್ರ ಕೋಪವೇ ಬಂತು. ಕೋಪ ನನ್ನ ಹುಟ್ಟುಗುಣ, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅಂದಿನಿಂದ ಅವರು ಬಾಗಿಲು ಭಾವ.

ನಾನು ನರ್ಸ್ ಆಗಿರುವ ಆಸ್ಪತ್ರೆಯಲ್ಲೇ ಅವರಿಗೂ ಕೆಲಸ. ನನ್ನದು ಮೂರನೇ ಮಹಡಿ, ಅವರದು ನೆಲಮಾಳಿಗೆ. ಲಿಫ್ಟ್ ಇಳಿದರೆ ಎಡಕ್ಕೆ ಬಟ್ಟೆ ಒಗೆಯುವ ಕೋಣೆ, ಬಲಕ್ಕೆ ಶವಾಗಾರ, ನಡುವೆ ಭಾವನ ಕೋಣೆ. ಆ ಕಡೆಯಿಂದಲೂ ಈ ಕಡೆಯಿಂದಲೂ ಬಿಳಿ ಬಟ್ಟೆ ಹೊದೆಸಿದ ತಳ್ಳುಗಾಡಿಗಳು ಓಡಾಡುತ್ತವೆ. ಯಾವುದು ಯಾವುದೆಂದು ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ಯಂತ್ರಗಳಿಗೆ ತಂಪು ಬೇಕೆಂದು ಆ ಕೋಣೆಯನ್ನು ಸದಾ ಚಳಿಯಲ್ಲಿಟ್ಟಿರುತ್ತಾರೆ. ಸುಡು ಬೇಸಿಗೆಯಲ್ಲೂ ಭಾವ ಅಕ್ಕ ಹೆಣೆದ ಸ್ವೆಟರ್ ಹಾಕಿಕೊಂಡು, ಜೇನುಗೂಡಿನಂತೆ ಗುಂಯ್‌ಗುಡುವ ಕಪಾಟುಗಳ ನಡುವೆ ಒಬ್ಬರೇ ಕೂತಿರುತ್ತಾರೆ. ಅವರ ಕೆಲಸ ಫೈರ್‌ವಾಲ್ ಕಾಯುವುದು.

ಅದೇನೆಂದು ನನಗೆ ಅರ್ಥವಾಗುವಂತೆ ಹೇಳಲು ಅವರಿಗೆ ವರ್ಷಗಳೇ ಹಿಡಿದವು. ನನಗೆ ಅರ್ಥವಾದದ್ದು ಇಷ್ಟು. ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಸೇರಿ ಹೊರಗಿನ ಇಂಟರ್‌ನೆಟ್‌ಗೆ ಒಂದು ಹೆಬ್ಬಾಗಿಲು. ಹೊರಗಿನಿಂದ ಬರುವ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ಒಂದು ವಿಳಾಸ, ಪ್ರತಿ ವಿಳಾಸಕ್ಕೂ ಒಂದು ಹೆಸರು—ಒಳ್ಳೆಯದೋ ಕೆಟ್ಟದ್ದೋ. ಈ ಒಳ್ಳೇದು ಕೆಟ್ಟದ್ದನ್ನು ತೂಗುವುದಕ್ಕೇ ಎಲ್ಲೋ ದೂರದಲ್ಲಿ ಒಂದು ಕಂಪನಿ ಇದೆ. ಯಾವ ವಿಳಾಸದಿಂದ ಕಸ ಬಂತು, ಯಾವುದು ಕಳ್ಳತನಕ್ಕೆ ನೋಡಿತು ಎಂದು ಲೋಕದ ಎಲ್ಲೆಡೆಯಿಂದ ದೂರು ತೆಗೆದುಕೊಂಡು, ಪ್ರತಿ ವಿಳಾಸಕ್ಕೂ ಅಂಕ ಹಾಕುತ್ತದೆ. ಅಂಕ ಒಂದು ಗೆರೆಗಿಂತ ಕೆಳಗೆ ಇಳಿದರೆ ಹೆಸರು ಕೆಟ್ಟಿತು ಎಂದರ್ಥ. ಹೆಸರು ಕೆಟ್ಟವರು ಬಂದು ತಟ್ಟಿದರೆ ಭಾವನ ಫೈರ್‌ವಾಲ್ ಬಾಗಿಲು ತೆರೆಯುವುದಿಲ್ಲ.

“ಹೋಗು ಅಂತ ಹೇಳುತ್ತಾ?” ಎಂದು ಕೇಳಿದ್ದೆ.

“ಹೇಳೋ ತರಾನೂ ಮಾಡ್ಬಹುದು. ನಾನು ಹಾಗೆ ಇಟ್ಟಿಲ್ಲ. ಹೋಗು ಅಂದ್ರೂ ಅದು ಉತ್ತರಾನೇ ಅಲ್ವಾ? ನಾನು ಸುಮ್ಮನೆ ಕೆಳಗೆ ಬೀಳಿಸ್ತೀನಿ. ತಟ್ಟಿದವನಿಗೆ ಏನೂ ಕೇಳ್ಸಲ್ಲ. ಇಲ್ಲಿ ಮನೆಯೇ ಇಲ್ಲವೇನೋ ಅನ್ನಿಸ್ಬೇಕು. ಮಾತು ಬೆಳ್ಳಿ, ಮೌನ ಬಂಗಾರ ಪುಟ್ಟಿ.”

ನನಗೆ ವಯಸ್ಸು ಎಷ್ಟಾದರೂ ಆ ಮನೆಯಲ್ಲಿ ನಾನು ಪುಟ್ಟಿಯೇ.

ಭಾವ ಮೂರ್ಖರೂ ಅಲ್ಲ, ಕಲ್ಲೆದೆಯವರೂ ಅಲ್ಲ. ಹಿಂದಿನ ವರ್ಷ ನಮ್ಮ ಊರಿನದೇ ಇನ್ನೊಂದು ಆಸ್ಪತ್ರೆಗೆ ಕಳ್ಳರು ಹೀಗೆಯೇ ಹೊರಗಿನಿಂದ ನುಗ್ಗಿ, ಒಳಗಿನ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದಿದ್ದರು. ಯಾವ ರೋಗಿಗೆ ಯಾವ ಔಷಧಿ ಎಂಬುದೂ ತಿಳಿಯದೆ ಅಲ್ಲಿಯ ಡಾಕ್ಟರುಗಳು ಕೈಚೆಲ್ಲಿ ಕೂತರು. ಆಂಬುಲೆನ್ಸುಗಳೆಲ್ಲ ನಮ್ಮ ಅಂಗಳಕ್ಕೆ ಬಂದು ಸಾಲುಗಟ್ಟಿದವು. ಸ್ಟ್ರೆಚರ್‌ಗಳು ಸಾಲದೆ ರೋಗಿಗಳನ್ನು ನೆಲದ ಮೇಲೆ ಮಲಗಿಸಿದ್ದನ್ನು ನಾನೇ ಕಂಡಿದ್ದೇನೆ. ಭಾವನೂ ಮೇಲೆ ಬಂದು ಅದನ್ನು ನೋಡಿ ಕೆಳಗಿಳಿದು ಹೋದರು.

ಫೈರ್‌ವಾಲ್ ತನ್ನ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದಂತೆ. ಯಾವ ನಿಯಮ ಮೊದಲು ಹೊಂದುತ್ತದೋ ಅದೇ ಕೊನೆಯ ಮಾತು, ಅದರ ಕೆಳಗಿರುವುದನ್ನು ಓದುವುದೇ ಇಲ್ಲ. ಅಂದು ಭಾವ, ಹೆಸರು ಕೆಟ್ಟವರನ್ನು ಬೀಳಿಸುವ ನಿಯಮವನ್ನು ನಡುವಿನಿಂದ ಎತ್ತಿ ಎಲ್ಲದರ ತಲೆಯ ಮೇಲೆ ಇಟ್ಟರು. “ಮೊದಲು ಹೆಸರು, ಆಮೇಲೆ ಕೆಲಸ,” ಎಂದು ಅದಕ್ಕೊಂದು ಗಾದೆಯನ್ನೂ ಕಟ್ಟಿದರು. ಅಲ್ಲಿಯವರೆಗೆ ಎಲ್ಲಕ್ಕಿಂತ ಮೇಲಿದ್ದ ನಿಯಮ ಎರಡನೆಯ ಸ್ಥಾನಕ್ಕೆ ಇಳಿಯಿತು. ‘ಹೃದಯದ ಪೆಟ್ಟಿಗೆಗಳು ಎಲ್ಲಿಂದ ಬಂದರೂ ಒಳಗೆ ಬಿಡು’ ಎಂಬ ನಿಯಮ ಅದು.

ಆ ಪೆಟ್ಟಿಗೆಗಳು ಮಾತಾಡುವುದು ನನ್ನ ಕೋಣೆಯೊಂದಿಗೆ. ಎದೆಯೊಳಗೆ ಯಂತ್ರ ಇಡಿಸಿಕೊಂಡವರಿಗೆ ಮನೆಗೆ ಕಳಿಸುವಾಗ ಒಂದು ಚಿಕ್ಕ ಬಿಳಿ ಪೆಟ್ಟಿಗೆ ಕೊಡುತ್ತೇವೆ. ಅದನ್ನು ಹಾಸಿಗೆಯ ಪಕ್ಕ ಇಟ್ಟು ಮನೆಯ ಇಂಟರ್‌ನೆಟ್‌ಗೆ ಸೇರಿಸಿದರಾಯಿತು. ಎದೆಯ ಬಡಿತ ತಪ್ಪಿದರೆ ಪೆಟ್ಟಿಗೆ ಆಸ್ಪತ್ರೆಗೆ ಹೇಳುತ್ತದೆ. ನನ್ನ ಗೋಡೆಯ ಪರದೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೌಕ. ಏನೂ ಸುದ್ದಿ ಇಲ್ಲದಿದ್ದರೆ ಹಸಿರು, ತೊಂದರೆ ಬಂದರೆ ಕೆಂಪು. ಕೆಂಪಾದ ಕೂಡಲೇ ನಾನು ಆ ಮನೆಗೆ ಫೋನ್ ಮಾಡಬೇಕು. ಪೆಟ್ಟಿಗೆ ಎರಡು ವಾರ ಬಾಯಿಯೇ ಬಿಡದಿದ್ದರೆ ಚೌಕ ಬೂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಮೌನವೆಂದರೆ ಕ್ಷೇಮ. ಈ ಎರಡು ವಾರದ ಲೆಕ್ಕ ಹಾಕಿದ ಪುಣ್ಯಾತ್ಮ ಯಾರೋ, ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕರೆ ಬಿಡುವುದೂ ಇಲ್ಲ.

ಆ ಚೌಕಗಳಲ್ಲಿ ನಮ್ಮಕ್ಕನದೂ ಒಂದಿತ್ತು. ಅವಳ ಎದೆ ಇದ್ದಕ್ಕಿದ್ದಂತೆ ತಾಳ ತಪ್ಪುತ್ತಿತ್ತು. ಹೆಗಲೆಲುಬಿನ ಕೆಳಗೆ ಯಂತ್ರ ಕೂರಿಸಿದ ಡಾಕ್ಟರು ಖಂಡಿತವಾಗಿ ಹೇಳಿದ್ದರು: ತಾಳ ತಪ್ಪತೊಡಗಿದ್ದು ಗೊತ್ತಾದರೆ ಮಾತ್ರೆ ಬದಲಿಸಿ ಉಳಿಸಿಕೊಳ್ಳಬಹುದು, ಗೊತ್ತಾಗದೆ ಹೋದರೆ ಕಷ್ಟ. ಅಂದರೆ ಆ ಬಿಳಿ ಪೆಟ್ಟಿಗೆಯ ಮಾತು ನನ್ನ ಪರದೆಗೆ ತಲುಪುತ್ತಿರುವವರೆಗೆ ಅಕ್ಕನಿಗೆ ಭಯವಿಲ್ಲ. ನಮ್ಮ ಮೂವರ ನೆಮ್ಮದಿಯೂ ನಿಂತಿದ್ದದ್ದು ಅದೊಂದರ ಮೇಲೆ.

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಉದ್ದವಾದದ್ದನ್ನು ಮಡಿಸುವುದು, ಜಿಪ್ ಬದಲಿಸುವುದು. “ಊರಿನವರ ಸೊಂಟದ ಗುಟ್ಟೆಲ್ಲ ನನ್ನ ಹತ್ರ ಇದೆ ಕಣೆ,” ಎನ್ನುತ್ತಿದ್ದಳು. ಯಾರು ತಟ್ಟಿದರೂ ಅವಳು ಬಾಗಿಲು ತೆರೆಯುತ್ತಿದ್ದಳು. ಸಾಬೂನು ಮಾರುವವನನ್ನೂ ಕೂರಿಸಿ ನೀರು ಕೊಡುತ್ತಿದ್ದಳು. ಅಂಥವಳಿಗೆ ಇಂಥ ಗಂಡ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ನಾನು ರೇಗಿಸಿದರೆ, “ನಾನು ಎತ್ತೋ ಕೋಣನೋ ಅದನ್ನ ಮೊದ್ಲು ಹೇಳು,” ಎಂದು ಭಾವ ಕೇಳುತ್ತಿದ್ದರು.

ಮರುವರ್ಷ ಮಳೆಗಾಲಕ್ಕೆ ಮೊದಲು ಇಂಟರ್‌ನೆಟ್ ಕಂಪನಿಯವರು ಅಕ್ಕನ ಬೀದಿಯನ್ನು ಅಗೆದು ಹೊಸ ಕೇಬಲ್ ಎಳೆದರು. ಮನೆಮನೆಗೂ ಹೊಸ ಡಬ್ಬಿ ಕೊಟ್ಟರು. ಭಾವನೇ ನಿಂತು ಬಿಳಿ ಪೆಟ್ಟಿಗೆಯನ್ನು ಹೊಸ ಡಬ್ಬಿಗೆ ಸೇರಿಸಿದರು. ಕೆಲ ದಿನ ಕಳೆದ ಮೇಲೆ ಅಕ್ಕ, “ರೀ, ಇದರ ದೀಪ ಮೊದಲು ಸುಮ್ನೆ ಉರೀತಿತ್ತು, ಈಗ ಯಾಕೋ ಕಣ್ಣು ಮಿಟುಕಿಸುತ್ತೆ,” ಎಂದಳಂತೆ. “ಮಿಟುಕಿಸ್ತಿದ್ರೆ ಜೀವ ಇದೆ ಅಂತ ಅರ್ಥ ಕಣೆ,” ಎಂದರಂತೆ ಭಾವ.

ಹೆಚ್ಚುಕಡಿಮೆ ಅದೇ ಸಮಯಕ್ಕೆ ನೆಲಮಾಳಿಗೆಗೆ ಬೇತಾಳ ಬಂತು.

ಬೇತಾಳ ಎಂಬುದು ಭಾವ ಇಟ್ಟ ಹೆಸರು. ಬೀಳಿಸಿದ ವಿಳಾಸಗಳು ಅವರ ಪರದೆಯಲ್ಲಿ ಸಾಲುಸಾಲಾಗಿ ಮೇಲೇರುತ್ತವೆ. ಸಾಮಾನ್ಯವಾಗಿ ಕಳ್ಳರು ಒಂದೆರಡು ಸಲ ತಟ್ಟಿ, ಉತ್ತರ ಸಿಗದಿದ್ದರೆ ಬೇರೆ ಮನೆ ನೋಡುತ್ತಾರೆ. ಇದೊಂದು ವಿಳಾಸ ಬಿಡಲಿಲ್ಲ. ಒಮ್ಮೆ ತಟ್ಟಿ, ಸ್ವಲ್ಪ ಕಾದು, ಮತ್ತೆ ತಟ್ಟುತ್ತಿತ್ತು. ಕಾಯುವ ಹೊತ್ತು ಪ್ರತಿ ಸಲವೂ ಒಂದೇ. ಕಿಟಕಿ ಹುಡುಕಲಿಲ್ಲ, ಹಿತ್ತಿಲಿಗೆ ಹೋಗಲಿಲ್ಲ, ಬೈಯಲಿಲ್ಲ. ಒಂದೇ ಬಾಗಿಲು, ಒಂದೇ ರೀತಿಯ ತಟ್ಟು.

“ಮನುಷ್ಯನಾದ್ರೆ ಬೇಜಾರಾಗಿ ಹೋಗ್ತಾನೆ. ಇದಕ್ಕೆ ಬೇಜಾರೇ ಇಲ್ಲ ಪುಟ್ಟಿ,” ಎಂದರು ಒಂದು ದಿನ ಕ್ಯಾಂಟೀನಿನಲ್ಲಿ. ಕಾಫಿ ಲೋಟ ಹಿಡಿದ ಅವರ ಬೆರಳು ತಮಗರಿವಿಲ್ಲದೆ ಮೇಜಿನ ಮೇಲೆ ಒಂದು ತಾಳ ಬಡಿಯುತ್ತಿತ್ತು. ಟಕ್. ಆಮೇಲೆ ಏನೂ ಇಲ್ಲ. ನಾನು ಮಾತು ಮರೆತು ಮುಂದಿನದಕ್ಕೆ ಕಾಯುತ್ತಿದ್ದೆ. ಟಕ್.

“ಯಾರದ್ದು ಅಂತ ಹುಡುಕೋಕೆ ಆಗಲ್ವಾ?”

“ಯಾವುದೋ ಇಂಟರ್‌ನೆಟ್ ಕಂಪನಿಯ ಗ್ರಾಹಕ. ಅಷ್ಟೇ ಗೊತ್ತಾಗೋದು. ಹೆಸರು ಮಾತ್ರ ದಿನದಿನಕ್ಕೆ ಕೆಡ್ತಾ ಇದೆ. ಮೊನ್ನೆ ಗೆರೆಗಿಂತ ಒಂದು ಚೂರು ಕೆಳಗಿತ್ತು. ನಿನ್ನೆ ಇನ್ನೂ ಇಳೀತು. ಇವತ್ತು ಪಾತಾಳ ಸೇರಿದೆ. ನಾನೊಬ್ಬನೇ ಹೇಳ್ತಿಲ್ಲ, ನೋಡು, ಲೋಕವೇ ಹೇಳ್ತಿದೆ.”

ಆ ವಾರ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಸುಸ್ತಾದಂತೆ ಕಂಡಳು. ಬಡಿಸುವಾಗ ಎರಡು ಸಲ ಗೋಡೆಗೆ ಒರಗಿ ನಿಂತಳು. ಏನಾಯ್ತೆಂದು ಕೇಳಿದರೆ, “ಸೆಕೆ ಕಣೆ. ಏನಾದ್ರೂ ಆಗಿದ್ರೆ ನಿನ್ನ ಗೋಡೆಗೆ ಬರ್ತಿರಲಿಲ್ವಾ?” ಎಂದಳು. ಬರಬೇಕಾಗಿತ್ತು ನಿಜ. ಅವಳ ಚೌಕ ಹಸಿರಾಗಿಯೇ ಇತ್ತು. ಭಾವ ಊಟ ಮಾಡುತ್ತಾ ಬೇತಾಳದ ಕಥೆಯನ್ನು ಬಣ್ಣ ಕಟ್ಟಿ ಹೇಳಿದರು. ಅಕ್ಕ ಕೈ ಕಟ್ಟಿ ಕೇಳಿದಳು, ನಗಲಿಲ್ಲ.

“ಪಾಪ, ಯಾರೋ ಏನೋ. ಒಂದೇ ಒಂದ್ಸಲ ತೆಗೆದು ಏನು ಬೇಕು ಅಂತ ಕೇಳ್ಬಾರ್ದೇನ್ರೀ?”

“ಹೆಸರು ಕೆಟ್ಟವನು ಕಣೆ ಅವನು.”

“ಹೆಸರು ಕೆಟ್ಟವರಿಗೂ ಕಷ್ಟ ಬರಲ್ವಾ?”

“ಕಷ್ಟ ಅಂತಾನೇ ಕಳ್ಳನೂ ಬರೋದು,” ಎಂದು ಭಾವ ಕೈ ತೊಳೆಯಲು ಎದ್ದರು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆಯ ಪಕ್ಕದ ಕತ್ತಲಲ್ಲಿ ಪೆಟ್ಟಿಗೆಯ ಹಳದಿ ದೀಪ ಹೊತ್ತಿ ಆರುತ್ತಿತ್ತು. ಆ ಮನೆಯಲ್ಲಿ ಅಂದು ಯಾರಿಗೂ ಅದು ಹೊಸದಾಗಿ ಕಾಣಲಿಲ್ಲ.

ಮರುವಾರ ಒಂದು ಮಧ್ಯಾಹ್ನ ಭಾವ ನನಗೆ ಫೋನ್ ಮಾಡಿದರು. ದನಿ ಎತ್ತರದಲ್ಲಿತ್ತು. ಬೇತಾಳಕ್ಕೆ ಹುಚ್ಚು ಹಿಡಿದಿದೆ ಎಂದರು. ಕಾಯುವುದನ್ನೇ ಬಿಟ್ಟಿದೆ, ಉಸಿರು ತೆಗೆದುಕೊಳ್ಳದೆ ತಟ್ಟುತ್ತಿದೆ, ಪರದೆಯ ತುಂಬ ಅದೊಂದೇ ವಿಳಾಸ. ಮಾತಾಡುತ್ತಿದ್ದಂತೆಯೇ ಅವರ ದನಿ ಇಳಿಯಿತು.

“ನಿಂತು ಹೋಯ್ತು ಪುಟ್ಟಿ.”

“ಏನು?”

“ತಟ್ಟೋದು. ಒಮ್ಮೆಗೇ ನಿಂತು ಹೋಯ್ತು. ಸದ್ದೇ ಇಲ್ಲ.” ಆಮೇಲೆ ನಕ್ಕರು. “ಕೊನೆಗೂ ಸೋತು ಹೋಯ್ತು ನೋಡು. ಬೆನ್ನು ಬಿಡ್ತು ಬೇತಾಳ.”

ನಾನೂ ನಕ್ಕೆ. ಗೋಡೆಯ ಮೇಲೆ ಅಕ್ಕನ ಚೌಕ ಹಸಿರಾಗಿತ್ತು.

ಸಂಜೆಗೆ ಮೊದಲೇ ಅಕ್ಕನ ಗಿರಾಕಿಯೊಬ್ಬರು ಭಾವನಿಗೆ ಫೋನ್ ಮಾಡಿದರು. ಹೊಲಿಸಿದ ಬಟ್ಟೆ ತೆಗೆದುಕೊಂಡು ಹೋಗಲು ಬಂದವರು. “ಒಂದೇ ತಟ್ಟಿಗೆ ಬಾಗಿಲು ತೆಗೆಯೋರು, ಇವತ್ತು ಎಷ್ಟು ತಟ್ಟಿದ್ರೂ ತೆಗೀತಿಲ್ಲ,” ಎಂದರು ಆ ಹೆಂಗಸು. ಕಿಟಕಿಯಲ್ಲಿ ಇಣುಕಿ ನೋಡಿದ್ದರೇನೋ, ಅಷ್ಟು ಹೇಳುವಾಗಲೇ ಅವರು ಅಳುತ್ತಿದ್ದರು.

ಮಧ್ಯಾಹ್ನ ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವಳು ಹಾಗೆಯೇ ಹೋಗಿದ್ದಳು. ಪಕ್ಕದಲ್ಲೇ ಪೆಟ್ಟಿಗೆ ಇತ್ತು. ಮಲಗಿದ ಹೊತ್ತಿಗೆ ಎದೆ ನಿಂತಿತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಸೂಚನೆಯೇ ಬಂದಿಲ್ಲವಲ್ಲ ಎಂದು ಅವರಿಗೂ ಆಶ್ಚರ್ಯ. ನಮ್ಮಕ್ಕ ನನಗೆ ತಾಯಿಯ ಜಾಗದಲ್ಲಿದ್ದವಳು. ಅವಳಿಲ್ಲದ ಮೇಲೆ ಅವಳ ಮನೆಯಲ್ಲಿ ಕೂತಿದ್ದಾಗ ನನಗೆ ಅನ್ನಿಸಿದ್ದನ್ನು ಸುತ್ತಿ ಬಳಸಿ ಹೇಳಲಾರೆ. ನಾನೂ ಸಾಯಬೇಕು ಅನ್ನಿಸಿತ್ತು.

ಎಲ್ಲ ಮುಗಿದ ಮೇಲೆ ನಾನು ಕೆಲವು ದಿನ ಭಾವನ ಜೊತೆಗೇ ಉಳಿದೆ. ಅವರು ಅಕ್ಕನ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಯಾರಾದರೂ ಬಂದು ಬಾಗಿಲು ತಟ್ಟಿದರೆ ಬೆಚ್ಚಿ ಬೀಳುತ್ತಿದ್ದರೇ ಹೊರತು ಏಳುತ್ತಿರಲಿಲ್ಲ. ನಾನೇ ಹೋಗಿ ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ, ಕೆಲಸದ ಕಡೆ ಗಮನ ಹೋದರೆ ಒಳ್ಳೆಯದೆಂದು ನಾನೇ ಅವರ ಲ್ಯಾಪ್‌ಟಾಪ್ ತಂದು ಮುಂದಿಟ್ಟೆ. ಮನೆಯಿಂದಲೇ ಆಸ್ಪತ್ರೆಗೆ ಸೇರಿಕೊಳ್ಳಲು ನೋಡಿದರು. ಏನೂ ಆಗಲಿಲ್ಲ. ತಪ್ಪು ಎಂದೂ ಬರಲಿಲ್ಲ, ಸರಿ ಎಂದೂ ಬರಲಿಲ್ಲ. ನೆಲಮಾಳಿಗೆಯಲ್ಲಿ ತಮ್ಮ ಬದಲಿಗೆ ಕೂತಿದ್ದ ಸಹೋದ್ಯೋಗಿಗೆ ಫೋನ್ ಮಾಡಿದರೆ, ಇಲ್ಲಿ ಎಲ್ಲ ಸರಿಯಿದೆಯಲ್ಲ ಎಂದರು. ಬ್ಯಾಂಕಿನ ಪುಟ ತೆರೆಯಲು ಹೋದರೆ ಅದು ಸುತ್ತುತ್ತಲೇ ಇತ್ತು. ಕರೆಂಟ್ ಬಿಲ್ಲಿನ ಪುಟವೂ ಹಾಗೆಯೇ. ಕೆಲವು ಪುಟ ಥಟ್ಟನೆ ಬರುತ್ತಿದ್ದವು, ಇನ್ನು ಕೆಲವಕ್ಕೆ ನಮ್ಮ ಮನೆ ಇದೆ ಎಂಬುದೇ ಗೊತ್ತಿರಲಿಲ್ಲ. ಮೇಲಿನ ಮನೆಯವರನ್ನು ಕೇಳಿದೆ.

“ವಾರದಿಂದ ನಮ್ಮ ಬೀದಿಗೆಲ್ಲ ಹೀಗೇ ಆಗಿದೆ ಕಣಮ್ಮ. ಕಂಪನಿಯವರನ್ನ ಕೇಳಿದ್ರೆ ನಿಮ್ಮ ಲೈನ್ ಸರಿಯಾಗಿದೆ ಅಂತಾರೆ,” ಎಂದರು ಅವರು.

ಕೆಳಗೆ ಬಂದು ಭಾವನಿಗೆ ಹೇಳಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

“ಯಾರೋ ನಮ್ಮನ್ನ ಬೀಳಿಸ್ತಿದ್ದಾರೆ ಪುಟ್ಟಿ,” ಎಂದರು ಮೆಲ್ಲಗೆ. “ನಾವು ತಟ್ಟೋದು ಅವರಿಗೆ ಕೇಳ್ತಾ ಇದೆ. ಅವರು ಸುಮ್ಮನಿದ್ದಾರೆ, ಅಷ್ಟೇ.”

ಕಣ್ಣುತೂತಿನ ಆಚೆ ನಿಂತು ಯಾರೋ ನಮ್ಮಿಬ್ಬರನ್ನೂ ನೋಡುತ್ತಿದ್ದಾರೆ ಅನ್ನಿಸಿತು.

ಹೊರಗಿನ ಲೋಕಕ್ಕೆ ನಮ್ಮ ವಿಳಾಸ ಯಾವುದೆಂದು ಹೇಳುವ ಪುಟವೊಂದಿದೆಯಂತೆ. ಭಾವ ಅದನ್ನು ತೆರೆದರು. ಅಂಕಿಗಳು ಬಂದವು. ಅವರು ಅವನ್ನು ಗಟ್ಟಿಯಾಗಿ ಓದತೊಡಗಿದರು. ಅರ್ಧದವರೆಗೆ ಪರದೆ ನೋಡಿ ಓದಿದರು. ಉಳಿದರ್ಧವನ್ನು ಕಣ್ಣು ಮುಚ್ಚಿಕೊಂಡು ಹೇಳಿದರು. ಕಣ್ಣು ತೆರೆದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

“ಬೇತಾಳ,” ಎಂದರು.

ನನಗೆ ಅರ್ಥವಾಗುವಷ್ಟರಲ್ಲಿ ಅವರು ಎದ್ದು ಒಳಗಿನ ಕೋಣೆಗೆ ಹೋಗಿದ್ದರು. ನಾನು ಹಿಂದೆಯೇ ಹೋದೆ. ಖಾಲಿ ಹಾಸಿಗೆಯ ಪಕ್ಕ ಪೆಟ್ಟಿಗೆಯ ದೀಪ ಮಿಟುಕುತ್ತಿತ್ತು. ಭಾವ ನೆಲದ ಮೇಲೆ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹೊಸ ಕೇಬಲ್ ಬಂದಾಗ ಕಂಪನಿ ಇಡೀ ಬೀದಿಗೆ ಸೇರಿಸಿ ಒಂದೇ ವಿಳಾಸ ಕೊಟ್ಟಿತ್ತು. ಯಾರದೋ ಮನೆಯ ಅಗ್ಗದ ಕ್ಯಾಮೆರಾಗೆ ರೋಗ ಹತ್ತಿ ಅದು ಕಸ ಕಳಿಸುತ್ತಿತ್ತು. ಅಷ್ಟಕ್ಕೆ ಇಡೀ ಬೀದಿಯ ಹೆಸರು ಗೆರೆಗಿಂತ ಒಂದು ಚೂರು ಕೆಳಗಿಳಿದಿತ್ತು. ಒಂದೇ ಒಂದು ಚೂರು. ಹೆಸರು ಕೆಟ್ಟವರನ್ನು ಬೀಳಿಸುವ ನಿಯಮ ಮೊದಲಿನಂತೆ ನಡುವೆ ಇದ್ದಿದ್ದರೆ ಅಕ್ಕನ ಪೆಟ್ಟಿಗೆ ಅದಕ್ಕಿಂತ ಮೊದಲೇ ಒಳಗೆ ಹೋಗಿರುತ್ತಿತ್ತು.

ಹಾಗಾದರೆ ಹೆಸರು ಪಾತಾಳಕ್ಕೆ ಇಳಿದದ್ದು ಹೇಗೆ? ಅಂಕ ಹಾಕುವ ಕಂಪನಿಗೆ ಭಾವ ಅಂದೇ ಬರೆದು ಕೇಳಿದರು. ಮರುದಿನ ಉತ್ತರ ಬಂತು, ಬಹಳ ವಿನಯದ ಉತ್ತರ. ಈ ವಿಳಾಸದ ಮೇಲೆ ಬಂದ ದೂರುಗಳಲ್ಲಿ ಬಹುಪಾಲು ನಮ್ಮ ಅತ್ಯಂತ ನಂಬಿಕೆಯ ಒಬ್ಬ ಗ್ರಾಹಕರಿಂದ ಬಂದಿವೆ, ಆ ಗ್ರಾಹಕರು ನಿಮ್ಮ ಆಸ್ಪತ್ರೆಯೇ, ಎಂದು ಬರೆದಿದ್ದರು. ಫೈರ್‌ವಾಲ್ ಪ್ರತಿ ಸಲ ಬೀಳಿಸಿದಾಗಲೂ ತಾನಾಗಿಯೇ ಅವರಿಗೆ ಒಂದು ದೂರು ಕಳಿಸುತ್ತಿತ್ತು. ಆ ದೂರಿನಿಂದ ಅಂಕ ಇಳಿಯುತ್ತಿತ್ತು. ಇಳಿದ ಅಂಕವನ್ನು ಬೆಳಿಗ್ಗೆ ಬಂದು ನೋಡಿ ಭಾವ, ಲೋಕವೇ ಹೇಳುತ್ತಿದೆ ಎನ್ನುತ್ತಿದ್ದರು. ತಾನೇ ಹಬ್ಬಿಸಿದ ಚಾಡಿ ಬೀದಿ ಸುತ್ತಿ ತನ್ನ ಕಿವಿಗೇ ಬಂದರೆ ಅದನ್ನು ಸತ್ಯವೆಂದು ನಂಬುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯಂತ್ರವೂ ಅದನ್ನೇ ಕಲಿತಿದೆ ಎಂದು ಗೊತ್ತಿರಲಿಲ್ಲ. ಅಕ್ಕ ಹೆಚ್ಚು ಕೂಗಿದಷ್ಟೂ ಅವಳ ಹೆಸರು ಕೆಡುತ್ತಾ ಹೋಗಿತ್ತು.

ಆ ದಿನ ನಾನು ಭಾವನಿಗೆ ಆಡಬಾರದ್ದನ್ನೆಲ್ಲ ಆಡಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಎಂದೆ. ನನ್ನ ಅಕ್ಕನನ್ನು ಕೊಂದಿರಿ ಎಂದೂ ಅಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಇಲ್ಲ ಎನ್ನಲಿಲ್ಲ, ಹೌದೆನ್ನಲಿಲ್ಲ. ಆ ಮೌನ ನನ್ನನ್ನು ಇನ್ನಷ್ಟು ಉರಿಸಿತು.

ನಾನು ಕೆಲಸಕ್ಕೆ ಮರಳಿದೆ. ಭಾವನೂ ಮರಳಿದರು. ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾನು ಗೋಡೆಯ ಪರದೆಯ ಮುಂದೆ ಕೂತಿದ್ದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನ ಚೌಕವನ್ನು ಇನ್ನೂ ತೆಗೆದಿರಲಿಲ್ಲ. ಸತ್ತವರ ಕಾಗದಪತ್ರ ಮೇಲಿನವರ ಸಹಿಗೆ ಕಾಯುತ್ತಾ ಬಿದ್ದಿರುತ್ತದೆ, ಅಲ್ಲಿಯವರೆಗೆ ಚೌಕವೂ ಇರುತ್ತದೆ. ಅದು ಆ ವಾರವಷ್ಟೇ ಬೂದು ಬಣ್ಣಕ್ಕೆ ತಿರುಗಿತ್ತು.

ನಾನು ನೋಡುತ್ತಿದ್ದಂತೆಯೇ ಅದು ಹಸಿರಾಯಿತು. ಆಮೇಲೆ ಕೆಂಪಾಯಿತು.

ಚೌಕದೊಳಗೆ ಅಕ್ಕನ ಎದೆಬಡಿತದ ಗೆರೆ ಓಡತೊಡಗಿತು. ಏರಿ, ಇಳಿದು, ತಪ್ಪಿ, ಮತ್ತೆ ಏರಿತು. ಗಂಟೆ ಬಾರಿಸಿತು. ಸತ್ತವಳು, ನಾನೇ ಕೈಯಾರೆ ಸೀರೆ ಉಡಿಸಿ ಕಳಿಸಿದವಳು, ಅವಳ ಎದೆ ನನ್ನ ಕಣ್ಣ ಮುಂದೆ ಹೊಡೆದುಕೊಳ್ಳುತ್ತಿತ್ತು. ನನ್ನ ಬುದ್ಧಿ ಅಲ್ಲೇ ನಿಂತಿತು, ಕೈಗಳು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಕೆಂಪಾದರೆ ಫೋನ್ ಮಾಡಬೇಕು. ನಾನು ಅಕ್ಕನ ನಂಬರ್ ಒತ್ತಿದೆ.

ಫೋನು ನನ್ನ ಕೋಣೆಯ ಬಾಗಿಲ ಹೊರಗೇ ರಿಂಗಾಯಿತು.

ಬಾಗಿಲು ಮೆಲ್ಲಗೆ ತೆರೆಯಿತು. ಭಾವ ನಿಂತಿದ್ದರು. ಅಂಗಿಯ ಜೇಬಿನಲ್ಲಿ ಅಕ್ಕನ ಫೋನು ಬಡಿದುಕೊಳ್ಳುತ್ತಿತ್ತು. ಅದನ್ನು ತೆಗೆದು ಪರದೆಯ ಮೇಲೆ ನನ್ನ ಹೆಸರು ನೋಡಿದರು.

“ಹೆದರ್ಬೇಡ,” ಎಂದರು. “ಪೆಟ್ಟಿಗೆಗೆ ನಾನೇ ಕೆಳಗೆ ಬಾಗಿಲು ತೆಗೆದೆ. ನಿಂಗೆ ಮೊದ್ಲೇ ಹೇಳೋಣ ಅಂತ ಮೆಟ್ಟಿಲು ಹತ್ತಿ ಓಡಿಬಂದೆ. ಅದು ನನಗಿಂತ ಮುಂಚೆ ಬಂದ್ಬಿಡ್ತು.”

ಪೆಟ್ಟಿಗೆ ತಾನು ಹೇಳಲಾಗದ್ದನ್ನು ಮರೆತುಬಿಡುವುದಿಲ್ಲ. ಒಟ್ಟುಮಾಡಿ ಇಟ್ಟುಕೊಂಡು, ಕೇಳುವವರು ಸಿಕ್ಕ ದಿನ ಮೊದಲಿನಿಂದ ಹೇಳುತ್ತದೆ. ಅಕ್ಕ ಹೋದ ಮೇಲೂ ದಿನಕ್ಕೊಮ್ಮೆ ಬಂದು ತಟ್ಟಿ ಹೋಗುತ್ತಿತ್ತಂತೆ. ಈಗ ಬಾಗಿಲು ತೆರೆದದ್ದೇ ತಡ, ಅವಳ ಕೊನೆಯ ದಿನಗಳೆಲ್ಲ ಒಂದರ ಹಿಂದೊಂದು ಒಳಗೆ ಬರುತ್ತಿದ್ದವು. ಒಂದೊಂದು ಸೂಚನೆಗೂ ಪಕ್ಕದಲ್ಲಿ ಅದರ ದಿನ, ಅದರ ಹೊತ್ತು. ಒಂದು ಬೆಳಗಿನ ಜಾವದ್ದು, ಅವಳಿನ್ನೂ ಎದ್ದಿರಲಿಲ್ಲ. ಒಂದು ಮಧ್ಯಾಹ್ನದ್ದು, ಊಟವಾಗಿ ಅಡ್ಡಾದಾಗಿನದು. ಗೆರೆ ಸಣ್ಣಗೆ ಮುಗ್ಗರಿಸುತ್ತಿತ್ತು, ಸಾವರಿಸಿಕೊಳ್ಳುತ್ತಿತ್ತು, ಮತ್ತೆ ಮುಗ್ಗರಿಸುತ್ತಿತ್ತು. ಮಾತ್ರೆ ಬದಲಿಸಿದ್ದರೆ ಸಾಕಾಗಿತ್ತು ಎಂದು ನನ್ನಂಥ ನರ್ಸಿಗೂ ಗೊತ್ತಾಗುವಂಥ ಗೆರೆ.

ಭಾವ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಇದರ ನಿಯಮವೇನು ಎಂದು ಕೇಳಿದರು. ಪ್ರತಿ ಸೂಚನೆಯನ್ನೂ ಒಬ್ಬರು ನೋಡಿ, ‘ಏನು ಮಾಡಲಾಯಿತು’ ಎಂಬ ಜಾಗದಲ್ಲಿ ಒಂದು ಮಾತು ತುಂಬಿ, ಮುಚ್ಚಬೇಕು ಎಂದೆ. ಎಲ್ಲವನ್ನೂ ಒಟ್ಟಿಗೇ ಮುಚ್ಚುವ ಗುಂಡಿಯೂ ಇದೆ, ಅದನ್ನು ನಾನು ಒತ್ತುತ್ತೇನೆ, ನೀವು ಎದ್ದು ಹೋಗಿ ಎಂದೆ. ಎಷ್ಟೇ ಸಿಟ್ಟಿದ್ದರೂ ಅವರನ್ನು ಅಲ್ಲಿ ಕೂರಿಸುವಷ್ಟು ಕಟುಕಿ ನಾನಲ್ಲ.

“ಬೇಡ. ಒಂದೊಂದೇ ನೋಡ್ತೀನಿ,” ಎಂದರು.

ಮೊದಲನೆಯದನ್ನು ತೆರೆದರು. ಗೆರೆ ಕೊನೆಯವರೆಗೆ ಓಡುವುದನ್ನು ಕಾದರು. ಕೀಲಿಮಣೆಯ ಮೇಲೆ ಕೈ ಇಟ್ಟರು. ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದಾರೆಂದು ನಾನು ಅಲ್ಲಿದ್ದ ಸಿದ್ಧ ಉತ್ತರಗಳನ್ನು ತೆರೆದು, ಬೆರಳು ತೋರಿಸಿದೆ.

“ಇದನ್ನ ಹಾಕಿ ಭಾವ. ‘ಸೂಚನೆ ತಡವಾಗಿ ತಲುಪಿದೆ.’ ಇಂಥದ್ದಕ್ಕೆ ಅದನ್ನೇ ಹಾಕೋದು.”

ಭಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ತಡವಾಗಿ ಬರ್ಲಿಲ್ಲ ಪುಟ್ಟಿ,” ಎಂದರು. “ಅದು ಹೊತ್ತಿಗೆ ಸರಿಯಾಗೇ ಬಂದಿತ್ತು.”

ಆಮೇಲೆ ಒಂದೊಂದೇ ಅಕ್ಷರ ಹುಡುಕಿ, ಒತ್ತಿ, ತಾವೇ ಬರೆದರು: ‘ಬಂದು ತಟ್ಟಿದರು. ತೆಗೆಯಲಿಲ್ಲ.’ ಅದನ್ನು 
ಮುಚ್ಚಿ ಎರಡನೆಯದನ್ನು ತೆರೆದರು. ಅದರ ಕೆಳಗೂ ಅದನ್ನೇ ಬರೆದರು. ನಾನು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ಕೊನೆಯದು ಮುಗಿಯುವವರೆಗೆ ಅವರ ಪಕ್ಕದಲ್ಲಿ ಕೂತೆ.